ಬೀದಿಯಿಂದ ಬರೆದ ಚರಿತ್ರೆ: ಎಸ್. ಮುತ್ತಯ್ಯ ಮತ್ತು ಮದರಾಸು

ರಾಜವಂಶಗಳ ಚರಿತ್ರೆಯನ್ನು ಬರೆಯುವ ವಿದ್ವಾಂಸರಿಗೆ ಶಾಸನ, ನಾಣ್ಯ, ಕಾವ್ಯ, ಬಖೈರುಗಳು ಆಕರಗಳಾಗಿ ಒದಗುತ್ತವೆ. ನಗರದ ಚರಿತ್ರೆಯನ್ನು ಬರೆಯಹೊರಟವರು ಇವುಗಳೊಂದಿಗೆ ಬೀದಿಯ ಹೆಸರು, ಮಾರುಕಟ್ಟೆ, ಶಾಲೆ, ಗೋರಿಗಲ್ಲು, ಅಂಗಡಿಯ ನಾಮಫಲಕ, ಹಳೆಯ ಮನೆತನಗಳ ನೆನಪು ಇವನ್ನೂ ಓದಬೇಕಾಗುತ್ತದೆ. ಈ ಬಗೆಯ ಆಕರಗಳಿಗೆ ಒಂದು ದೌರ್ಬಲ್ಯವಿದೆ. ಸಾವಿರ ವರ್ಷದ ಶಿಲಾಶಾಸನ ಹೊಲದ ಬದುವಿನಲ್ಲಿ ಬಿದ್ದಿದ್ದರೂ ಉಳಿದೀತು. ನೂರು ವರ್ಷದ ಕಟ್ಟಡ ನಗರದ ನಟ್ಟನಡುವೆ ನಿಂತಿದ್ದರೂ ಕೆಲವೇ ದಿನಗಳಲ್ಲಿ ನೆಲಸಮವಾಗಬಹುದು. ಆದಕಾರಣ ನಗರದ ಚರಿತ್ರಕಾರನಾದವನು ಆಕರವನ್ನು ಓದುವುದರ ಜೊತೆಗೆ ಅದನ್ನು ಉಳಿಸಿಕೊಳ್ಳಬಲ್ಲ ಓದುಗರನ್ನೂ ರೂಪಿಸಬೇಕಾಗುತ್ತದೆ.

ದಕ್ಷಿಣ ಭಾರತದಲ್ಲಿ ಈ ಎರಡೂ ಕೆಲಸಗಳನ್ನು ಸುಮಾರು ನಾಲ್ಕು ದಶಕಗಳ ಕಾಲ ಎಡೆಬಿಡದೆ ಮಾಡಿದವರು ಮದರಾಸಿನ ಎಸ್. ಮುತ್ತಯ್ಯ. ಅವರು ವಿಶ್ವವಿದ್ಯಾನಿಲಯದ ಚರಿತ್ರೆಯ ಪ್ರಾಧ್ಯಾಪಕರಾಗಿರಲಿಲ್ಲ, ವೃತ್ತಿಯಿಂದ ಪತ್ರಕರ್ತರು. ಅವರನ್ನು ಮದರಾಸಿನ ವೃತ್ತಾಂತಕಾರರೆಂದು ಕರೆದವರೇ ಹೆಚ್ಚು. ವೃತ್ತಾಂತಕಾರ ಎಂಬ ಮಾತಿನಲ್ಲಿ ಗೌರವವೂ ಇದೆ, ‘ಚರಿತ್ರಕಾರ’ ಎನ್ನಲು ಹಿಂಜರಿಯುವ ಸಂಕೋಚವೂ ಇದೆ. ಆ ಸಂಕೋಚ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಅವರ ಜೀವನಕಾರ್ಯದ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಹೊರಗಿನಿಂದ ಬಂದವರು

ಮುತ್ತಯ್ಯ ಅವರು 1930ರ ಏಪ್ರಿಲ್ 13ರಂದು ಚೆಟ್ಟಿನಾಡಿನ ಪಳ್ಳತ್ತೂರಿನಲ್ಲಿ, ನಗರತ್ತಾರ್ ಸಮುದಾಯದಲ್ಲಿ ಜನಿಸಿದರು. ಈ ವರ್ತಕ ಸಮುದಾಯದ ಕುಟುಂಬಗಳು ಆ ಕಾಲದಲ್ಲಿ ಬರ್ಮಾ, ಸಿಂಹಳ, ಮಲಯಾ ದೇಶಗಳಲ್ಲಿ ಹರಡಿಕೊಂಡಿದ್ದವು. ಮುತ್ತಯ್ಯ ಅವರ ಬಾಲ್ಯ ಕೊಲಂಬೊ ನಗರದಲ್ಲಿ ಕಳೆಯಿತು. ಅಮೆರಿಕದಲ್ಲಿ ಮೊದಲು ಎಂಜಿನಿಯರಿಂಗ್, ಬಳಿಕ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ಮಾಡಿ, 1951ರಲ್ಲಿ ಕೊಲಂಬೊಗೆ ಮರಳಿ ‘ಟೈಮ್ಸ್ ಆಫ್ ಸಿಲೋನ್’ ಪತ್ರಿಕೆಯನ್ನು ಸೇರಿದರು. ಹದಿನೇಳು ವರ್ಷಗಳ ಪತ್ರಿಕಾವೃತ್ತಿಯ ನಂತರ 1968ರಲ್ಲಿ ಸಿಂಹಳವನ್ನು ಬಿಟ್ಟು ಮದರಾಸಿಗೆ ಬಂದು ನೆಲೆಸಿದರು. ಅಂದರೆ ಯಾವ ನಗರದ ನೆನಪಿಗೆ ಅವರ ಹೆಸರು ಅಂಟಿಕೊಂಡಿದೆಯೋ ಆ ನಗರದಲ್ಲಿ ಅವರು ಬಾಳತೊಡಗಿದ್ದು ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ. ಊರಿನವರು ದಿನವೂ ನೋಡಿ ನೋಡದಂತಿದ್ದ ಸಂಗತಿಗಳನ್ನು ಅವರು ವಿಚಾರಿಸಿ ತಿಳಿಯಬೇಕಾಯಿತು.

ಮದರಾಸಿನಲ್ಲಿ ಅವರು ತೊಡಗಿದ್ದು ನಕಾಶೆಗಳ ಪ್ರಕಟಣೆಯಲ್ಲಿ. ಟಿ.ಟಿ. ಮ್ಯಾಪ್ಸ್ ಸಂಸ್ಥೆಯಲ್ಲಿ ದುಡಿಯುತ್ತ ನಗರಗಳ ನಕಾಶೆ, ಕೈಪಿಡಿ, ಭೂಪಟಸಂಪುಟಗಳನ್ನು ಅವರು ಸಿದ್ಧಪಡಿಸಿದರು. ನಕಾಶೆ ಮಾಡುವವನಿಗೆ ಪ್ರತಿಯೊಂದು ಬೀದಿಗೂ ಹೆಸರು ಬೇಕು. ಹೆಸರನ್ನು ಬರೆಯುವಾಗ ಅದು ಯಾರದು, ಏಕೆ ಬಂತು ಎಂಬ ಪ್ರಶ್ನೆ ಏಳುತ್ತದೆ. ಇಂತಹ ಕುತೂಹಲದ ಫಲವೆನ್ನಬಹುದಾದ ‘ಮದ್ರಾಸ್ ಡಿಸ್ಕವರ್ಡ್’ ಎಂಬ ಕಿರುಪುಸ್ತಕ 1981ರಲ್ಲಿ ಹೊರಬಂತು. ಆವೃತ್ತಿಯಿಂದ ಆವೃತ್ತಿಗೆ ಬೆಳೆಯುತ್ತ ಅದು ಮುಂದೆ ‘ಮದ್ರಾಸ್ ರೀಡಿಸ್ಕವರ್ಡ್’ ಎಂಬ ದೊಡ್ಡ ಗ್ರಂಥವಾಯಿತು.

ಭೂಮಾಪನದಿಂದ ಚರಿತ್ರೆಗೆ ದಾಟಿದ ಇನ್ನೊಬ್ಬ ವ್ಯಕ್ತಿ ಮದರಾಸಿನ ಚರಿತ್ರೆಯಲ್ಲಿಯೇ ಇದ್ದಾರೆಂಬುದು ಕನ್ನಡ ಸಂಶೋಧಕರಿಗೆ ಗೊತ್ತಿರುವ ವಿಷಯ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆಗೆ ನಿಯುಕ್ತನಾದ ಕಾಲಿನ್ ಮೆಕೆಂಜಿಯು ನೆಲವನ್ನು ಅಳೆಯುತ್ತಲೇ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯನಂತಹ ದೇಶೀಯ ಸಹಾಯಕರು ಇಲ್ಲದಿದ್ದರೆ ಆ ಕೆಲಸ ಸಾಗುತ್ತಿರಲಿಲ್ಲ. ಆ ಸಂಗ್ರಹದ ದೊಡ್ಡದೊಂದು ಭಾಗ ಇಂದಿಗೂ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಸ್ಥಳದ ಚರಿತ್ರೆ ಸ್ಥಳದವರ ಬಾಯಲ್ಲಿದೆ ಎಂಬ ತಿಳಿವು ಇಬ್ಬರಿಗೂ ಸಮಾನ. ಆದರೆ ಮೆಕೆಂಜಿಯ ಬೆನ್ನಿಗೆ ಕಂಪನಿಯ ಅಧಿಕಾರವಿತ್ತು. ಊರಿನವರು ಹೇಳಿದ್ದು ಕಡತವನ್ನು ಸೇರಿತೇ ಹೊರತು ಊರಿಗೆ ಹಿಂತಿರುಗಲಿಲ್ಲ. ಮುತ್ತಯ್ಯ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಕೇಳಿ ತಿಳಿದದ್ದನ್ನು ಅವರು ಪತ್ರಿಕೆಯ ಮೂಲಕ ಕೇಳಿದವರಿಗೇ ಮರಳಿಸಿದರು.

ಗ್ರಂಥಾಲಯದಲ್ಲಿದ್ದ ಮದರಾಸು

ಮುತ್ತಯ್ಯ ಅವರಿಗಿಂತ ಮೊದಲು ಮದರಾಸಿನ ಚರಿತ್ರೆ ಬರೆಯಲ್ಪಟ್ಟಿರಲಿಲ್ಲವೆಂದು ತಿಳಿಯಬಾರದು. ಕಂಪನಿಯ ದಾಖಲೆಗಳನ್ನು ಆಧರಿಸಿ ಎಚ್.ಡಿ. ಲವ್ ಅವರು ಸಿದ್ಧಪಡಿಸಿದ ‘ವೆಸ್ಟಿಜಸ್ ಆಫ್ ಓಲ್ಡ್ ಮದ್ರಾಸ್’ 1913ರಲ್ಲಿ ಪ್ರಕಟವಾಗಿತ್ತು. ನಗರಕ್ಕೆ ಮುನ್ನೂರು ವರ್ಷ ತುಂಬಿದ 1939ರಲ್ಲಿ ಸಿ.ಎಸ್. ಶ್ರೀನಿವಾಸಾಚಾರಿ ಅವರು ನಗರದ ಸಮಗ್ರ ಚರಿತ್ರೆಯನ್ನು ಬರೆದರು. ಅದೇ ಸಂದರ್ಭದಲ್ಲಿ ವಿದ್ವಾಂಸರ ಲೇಖನಗಳ ಸ್ಮರಣ ಸಂಪುಟವೂ ಬಂತು. ಇವೆಲ್ಲ ಘನವಾದ ಕೃತಿಗಳು. ಆದರೆ ಇವುಗಳ ಓದುಗರು ಗ್ರಂಥಾಲಯಕ್ಕೆ ಹೋಗಬಲ್ಲ ಕೆಲವರು ಮಾತ್ರ. ಮೌಂಟ್ ರಸ್ತೆಯಲ್ಲಿ ಬಸ್ಸಿಗಾಗಿ ಕಾಯುವವನಿಗೆ ತನ್ನ ಬೆನ್ನ ಹಿಂದಿನ ಕಟ್ಟಡ ಏನೆಂಬುದನ್ನು ಅವು ತಲುಪಿಸಲಿಲ್ಲ.

ಈ ತಿಳಿವಿನ ಕೊರತೆಗೆ ತೆತ್ತ ಬೆಲೆ ಸಣ್ಣದಲ್ಲ. 1900ರಲ್ಲಿ ತೆರೆದ ಮೂರ್ ಮಾರ್ಕೆಟ್ ಹಳೆಯ ಪುಸ್ತಕಗಳಿಗೆ ಹೆಸರಾದ ಸ್ಥಳ. ಮದರಾಸಿನಲ್ಲಿ ಓದಿದ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಅದು ಎರಡನೆಯ ಗ್ರಂಥಾಲಯವಾಗಿತ್ತು. 1985ರ ಮೇ ತಿಂಗಳ ಬೆಂಕಿಯಲ್ಲಿ ಅದು ನಾಶವಾಯಿತು. ಆ ಜಾಗದಲ್ಲಿ ಈಗ ರೈಲ್ವೆಯ ಕಟ್ಟಡವಿದೆ. ನಗರವೊಂದು ತನ್ನ ಕಟ್ಟಡವನ್ನು ಕಳೆದುಕೊಂಡಾಗ ಅದರೊಂದಿಗೆ ಏನನ್ನು ಕಳೆದುಕೊಂಡೆವು ಎಂದು ಹೇಳಬಲ್ಲ ಸಾರ್ವಜನಿಕ ವೇದಿಕೆಯೂ ಬೇಕು ಎಂಬುದು ಇಂತಹ ನಷ್ಟಗಳಿಂದ ಸ್ಪಷ್ಟವಾಗುತ್ತ ಬಂತು.

ಪಾಕ್ಷಿಕ, ಅಂಕಣ ಮತ್ತು ಅಂಚೆಯಣ್ಣ

1991ರಲ್ಲಿ ಮುತ್ತಯ್ಯ ಅವರ ಸಂಪಾದಕತ್ವದಲ್ಲಿ ‘ಮದ್ರಾಸ್ ಮ್ಯೂಸಿಂಗ್ಸ್’ ಎಂಬ ಪಾಕ್ಷಿಕ ಆರಂಭವಾಯಿತು. ಕೆಲವೇ ಪುಟಗಳ ಈ ಪತ್ರಿಕೆಯಲ್ಲಿ ಹಳೆಯ ಬಂಗಲೆಯ ಕಥೆಯ ಪಕ್ಕದಲ್ಲಿಯೇ ಕಸದ ಸಮಸ್ಯೆ, ಕಾಲುದಾರಿಯ ದುಃಸ್ಥಿತಿ, ಕೆರೆಗಳ ಒತ್ತುವರಿಯ ಬರಹಗಳು ಇರುತ್ತಿದ್ದವು. ಪರಂಪರೆಯ ಪ್ರೀತಿ ಮತ್ತು ಪೌರಪ್ರಜ್ಞೆ ಬೇರೆ ಬೇರೆಯಲ್ಲ ಎಂಬ ನಿಲುವು ಈ ಜೋಡಣೆಯಲ್ಲಿದೆ. 1996ರಲ್ಲಿ ನಗರದ ಅಧಿಕೃತ ಹೆಸರು ಚೆನ್ನೈ ಎಂದು ಬದಲಾದ ಮೇಲೂ ಪತ್ರಿಕೆ ತನ್ನ ಹೆಸರನ್ನು ಬದಲಿಸಲಿಲ್ಲ.

1999ರಿಂದ ‘ದಿ ಹಿಂದೂ’ ಪತ್ರಿಕೆಯಲ್ಲಿ ಅವರು ಬರೆದ ‘ಮದ್ರಾಸ್ ಮಿಸಲನಿ’ ಎಂಬ ವಾರದ ಅಂಕಣ ಇದಕ್ಕಿಂತಲೂ ವಿಸ್ತಾರವಾದ ಓದುಗ ಬಳಗವನ್ನು ಮುಟ್ಟಿತು. ಸುಮಾರು ಎರಡು ದಶಕಗಳ ಕಾಲ, ಅವರ ಕೊನೆಯ ದಿನಗಳವರೆಗೆ, ಅದು ನಡೆಯಿತು. ಕಂಪ್ಯೂಟರನ್ನು ಬಳಸದೆ ಹಳೆಯ ಬೆರಳಚ್ಚು ಯಂತ್ರದಲ್ಲಿಯೇ ಅವರು ಬರೆಯುತ್ತಿದ್ದರು. ಒಂದು ಕಂತಿನಲ್ಲಿ ಎರಡು ಮೂರು ಸಂಗತಿಗಳು: ಒಬ್ಬ ವೈದ್ಯ, ಒಂದು ಶಾಲೆ, ಮುಚ್ಚಿಹೋದ ಒಂದು ಅಂಗಡಿ, ಒಂದು ಕ್ರಿಕೆಟ್ ಪಂದ್ಯ. ವಿಷಯಗಳು ಚದುರಿದಂತೆ ಕಂಡರೂ ವರ್ಷಗಳು ಕಳೆದಂತೆ ಅವು ಒಂದು ಊರಿನ ಚಿತ್ರವಾಗಿ ಕೂಡಿಕೊಂಡವು.

ಈ ಅಂಕಣದ ಅತ್ಯಂತ ಗಮನಾರ್ಹ ಭಾಗ ಅದರ ತುದಿಯಲ್ಲಿ ಆಗಾಗ ಬರುತ್ತಿದ್ದ, ಅಂಚೆಯವನು ಬಾಗಿಲು ತಟ್ಟಿದಾಗ ಎಂಬರ್ಥದ ಶೀರ್ಷಿಕೆಯ ವಿಭಾಗ. ಓದುಗರು ಬರೆದ ತಿದ್ದುಪಡಿ, ಸೇರ್ಪಡೆ, ಪ್ರಶ್ನೆಗಳಿಗೆ ಅಲ್ಲಿ ಸ್ಥಾನವಿತ್ತು. ಹಿಂದಿನ ಕಂತಿನಲ್ಲಿ ಹೇಳಿದ ಇಸವಿ ತಪ್ಪೆಂದು ಯಾರಾದರೂ ತೋರಿಸಿದರೆ ಅದು ಮುಂದಿನ ಕಂತಿನಲ್ಲಿ ಅಚ್ಚಾಗುತ್ತಿತ್ತು. ಉತ್ತರ ತಿಳಿಯದ ಪ್ರಶ್ನೆಯನ್ನು ಓದುಗರ ಮುಂದೆಯೇ ಇಡಲಾಗುತ್ತಿತ್ತು. ಅಡಿಟಿಪ್ಪಣಿಗಳಿಲ್ಲದ ಬರಹವೆಂದು ವಿದ್ವತ್ ವಲಯ ಇಂತಹ ಅಂಕಣಗಳನ್ನು ಆಕ್ಷೇಪಿಸುವುದು ಸಹಜ. ಆದರೆ ಅಡಿಟಿಪ್ಪಣಿಯ ಉದ್ದೇಶವಾದರೂ ಏನು? ಹೇಳಿಕೆಯನ್ನು ಇನ್ನೊಬ್ಬರು ಪರೀಕ್ಷಿಸುವಂತೆ ಮಾಡುವುದು. ಆ ಪರೀಕ್ಷೆಯನ್ನು ಮುತ್ತಯ್ಯ ಅವರು ಬೇರೊಂದು ದಾರಿಯಿಂದ ಸಾಧಿಸಿದರು. ಕೊಠಡಿಯ ಒಳಗೆ ನಡೆಯುವ ಪಾಠಪರಿಷ್ಕರಣ ಇಲ್ಲಿ ಬಯಲಲ್ಲಿ ನಡೆಯಿತು. ಹಳೆಯ ಆಲ್ಬಮ್, ಪತ್ರ, ಸ್ಮರಣ ಸಂಚಿಕೆಗಳು ಮನೆಯ ಪೆಟ್ಟಿಗೆಗಳಿಂದ ಹೊರಬಂದವು. ಪತ್ರಾಗಾರದಲ್ಲಿ ಎಂದೂ ಸಿಗದ ಮಾಹಿತಿ ಈ ಮೂಲಕ ದಾಖಲೆಯಾಯಿತು. ಓದುಗನ ನೆನಪೂ ತಪ್ಪಬಹುದು, ಆದ್ದರಿಂದ ಈ ಮಾಹಿತಿಯನ್ನು ಬಳಸುವ ಸಂಶೋಧಕ ಅದನ್ನು ಇತರ ಆಕರಗಳೊಂದಿಗೆ ತಾಳೆ ನೋಡಲೇಬೇಕು. ಆದರೆ ತಾಳೆ ನೋಡಲು ಅದು ಮೊದಲು ಉಳಿದಿರಬೇಕಲ್ಲವೇ?

ಹುಟ್ಟುಹಬ್ಬದ ವಾದ

2004ರಲ್ಲಿ ಮುತ್ತಯ್ಯ ಅವರು ಪತ್ರಕರ್ತರಾದ ಶಶಿ ನಾಯರ್ ಮತ್ತು ವಿನ್ಸೆಂಟ್ ಡಿ’ಸೋಜ಼ ಅವರೊಡನೆ ಸೇರಿ ಆಗಸ್ಟ್ 22ನ್ನು ಮದರಾಸು ದಿನವೆಂದು ಆಚರಿಸುವ ಕ್ರಮವನ್ನು ಆರಂಭಿಸಿದರು. ಪಾರಂಪರಿಕ ನಡಿಗೆ, ಉಪನ್ಯಾಸ, ಛಾಯಾಚಿತ್ರ ಪ್ರದರ್ಶನ, ಶಾಲಾಮಕ್ಕಳ ರಸಪ್ರಶ್ನೆಗಳಿಂದ ಕೂಡಿದ ಈ ಆಚರಣೆ ಕ್ರಮೇಣ ವಾರಕ್ಕೂ ಅದಕ್ಕಿಂತ ಹೆಚ್ಚಿನ ಅವಧಿಗೂ ಬೆಳೆಯಿತು. ಸರ್ಕಾರದ ಆದೇಶವಿಲ್ಲದೆ ಜನರೇ ನಡೆಸುವ ಚರಿತ್ರೆಯ ಹಬ್ಬವೆಂಬುದು ಇದರ ವೈಶಿಷ್ಟ್ಯ.

ಈ ದಿನಾಂಕದ ಹಿಂದೆ ವಿದ್ಯಾರ್ಥಿಗಳು ಗಮನಿಸಬೇಕಾದ ಆಕರವಿಮರ್ಶೆಯ ಪ್ರಶ್ನೆಯೊಂದಿದೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಎಂಬವನು ಆ ಪ್ರದೇಶದ ನಾಯಕನಾಗಿದ್ದ ದಾಮರ್ಲ ವೆಂಕಟಾದ್ರಿಯಿಂದ ಮದರಾಸುಪಟ್ಟಣದ ಭೂಮಿಗೆ ಸನ್ನದು ಪಡೆದನು. ಸನ್ನದಿನ ಪ್ರತಿಗಳಲ್ಲಿ ಜುಲೈ 22 ಎಂಬ ದಿನಾಂಕವೂ ಕಾಣುತ್ತದೆ. ಆದರೆ ಜುಲೈ ಕೊನೆಗಿಂತ ಮೊದಲು ಡೇ ಅಲ್ಲಿಗೆ ತಲುಪಿರಲಿಲ್ಲವೆಂಬುದು ಕಂಪನಿಯ ಇತರ ಪತ್ರಗಳಿಂದ ತಿಳಿಯುವುದರಿಂದ, ಅದು ಬರೆದವನ ಕೈತಪ್ಪೆಂದೂ ಆಗಸ್ಟ್ 22 ಸರಿಯೆಂದೂ ತರ್ಕಿಸಲಾಗಿದೆ. ಇದಲ್ಲದೆ ಇಂಗ್ಲಿಷರು ಆಗ ಬಳಸುತ್ತಿದ್ದುದು ಜೂಲಿಯನ್ ಪಂಚಾಂಗ. ಇಂದಿನ ಎಣಿಕೆಯಲ್ಲಿ ಆ ದಿನ ಹತ್ತು ದಿವಸ ಮುಂದೆ ಬೀಳುತ್ತದೆ. ಹುಟ್ಟುಹಬ್ಬವೆಂಬುದು ನಿಶ್ಚಿತ ಸತ್ಯಕ್ಕಿಂತ ಹೆಚ್ಚಾಗಿ ಒಪ್ಪಿಕೊಂಡ ಒಂದು ಸಂಕೇತ ಎಂಬುದು ಇದರಿಂದ ಸ್ಪಷ್ಟ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆಯದು. ಕಂಪನಿಗೆ ಭೂಮಿ ದೊರೆತ ದಿನವನ್ನು ನಗರದ ಜನ್ಮದಿನವೆನ್ನುವುದು ವಸಾಹತುಶಾಹಿಯ ಕಣ್ಣಿನಿಂದ ನಮ್ಮನ್ನು ನೋಡಿಕೊಂಡಂತಲ್ಲವೇ? ಮೈಲಾಪುರ ಅತಿ ಪ್ರಾಚೀನ ನೆಲೆ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯದಲ್ಲಿ ಪಲ್ಲವ ದಂತಿವರ್ಮನ ಕಾಲದ ಶಾಸನವಿದೆ. ಮೈಲಾಪುರದಲ್ಲಿ ನೇಮಿನಾಥ ಜಿನಾಲಯವಿದ್ದಿತೆಂಬ ಪರಂಪರೆಗೆ ಅವಿರೋಧಿ ಆಳ್ವಾರರ ‘ತಿರುನೂಟ್ರಂದಾದಿ’ ಎಂಬ ತಮಿಳು ಸ್ತೋತ್ರಕೃತಿ ಸಾಕ್ಷಿಯಾಗಿದೆ. ಇನ್ನೂ ಹಿಂದೆ ಹೋದರೆ, 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಭಾರತದ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ್ದು ಇದೇ ನಗರದ ಅಂಚಿನ ಪಲ್ಲಾವರದಲ್ಲಿ. ಸನ್ನದನ್ನು ಕೊಟ್ಟ ವೆಂಕಟಾದ್ರಿಯಾದರೂ ಸ್ವತಂತ್ರನಲ್ಲ. ಅವನು ಚಂದ್ರಗಿರಿಯನ್ನು ನೆಲೆಯಾಗಿ ಹೊಂದಿದ್ದ ವಿಜಯನಗರದ ಅರವೀಡು ಅರಸರ ಅಧೀನ. ‘ಕರ್ಣಾಟ’ ರಾಜ್ಯವೆಂದು ಹೆಸರಾದ ಆ ಪ್ರಭುತ್ವದಿಂದಲೇ ತಮಿಳುನಾಡಿನ ಬಯಲಿಗೆ ಯುರೋಪಿಯನ್ನರ ಬಾಯಲ್ಲಿ ‘ಕರ್ನಾಟಿಕ್’ ಎಂಬ ಹೆಸರು ನಿಂತಿತು. ಹೀಗಿರುವಾಗ ಕಥೆಯನ್ನು ಕೋಟೆಯಿಂದಲೇ ಏಕೆ ಆರಂಭಿಸಬೇಕು?

ಈ ಪ್ರಶ್ನೆಗೆ ಮುತ್ತಯ್ಯ ಅವರ ಉತ್ತರ ಅವರು ಸಂಪಾದಿಸಿದ ‘ಮದ್ರಾಸ್, ಚೆನ್ನೈ’ ಎಂಬ ಮೂರು ಸಂಪುಟಗಳ ಬೃಹದ್‌ಗ್ರಂಥದ ಉಪಶೀರ್ಷಿಕೆಯಲ್ಲಿಯೇ ಇದೆ. ಆಧುನಿಕ ಭಾರತದ ಮೊದಲ ನಗರದ ನಾನೂರು ವರ್ಷಗಳ ದಾಖಲೆ ಎಂಬುದು ಅದರ ಭಾವಾರ್ಥ. ಸೇನೆ, ನಗರಸಭೆ, ಪಾಶ್ಚಾತ್ಯ ಶಿಕ್ಷಣ, ವೈದ್ಯಕೀಯ, ಭೂಮಾಪನ ಮುಂತಾದ ಆಧುನಿಕ ಸಂಸ್ಥೆಗಳ ಆರಂಭದ ಕುರುಹುಗಳು ಸೇಂಟ್ ಜಾರ್ಜ್ ಕೋಟೆಯ ಸುತ್ತ ಇವೆಯೆಂಬುದು ಅವರ ವಾದ. ವಾದಕ್ಕೆ ಬಲವಿದೆ. ಆದರೂ ಸಂಸ್ಥೆಗಳ ಸ್ಥಾಪಕರ ಕಥೆಯಲ್ಲಿ ಅವುಗಳನ್ನು ಹೊತ್ತು ನಿಂತ ಜನರ ಕಥೆ ಹಿಂದೆ ಸರಿಯುತ್ತದೆ. ನೇಕಾರರು, ಹಡಗುಕಟ್ಟೆಯ ಕೂಲಿಗಳು, ಗಿರಣಿ ಕಾರ್ಮಿಕರು, ಉತ್ತರ ಮದರಾಸಿನ ಇಕ್ಕಟ್ಟಾದ ಕೇರಿಗಳು ಈ ಬರಹಗಳಲ್ಲಿ ಪಡೆದ ಸ್ಥಳ ಕಡಿಮೆ. 2006ರಲ್ಲಿ ಎ.ಆರ್. ವೆಂಕಟಾಚಲಪತಿ ಅವರು ಸಂಪಾದಿಸಿದ ಗ್ರಂಥಕ್ಕೆ ‘ಚೆನ್ನೈ, ನಾಟ್ ಮದ್ರಾಸ್’ ಎಂಬ ಹೆಸರಿದೆ. ಅದೇ ನಗರವನ್ನು ಇನ್ನೊಂದು ದಿಕ್ಕಿನಿಂದ ನೋಡಬೇಕೆಂಬ ಸೂಚನೆ ಆ ಹೆಸರಿನಲ್ಲಿಯೇ ಇದೆ. ವಾಣಿಜ್ಯ ಸಂಸ್ಥೆಗಳ ಚರಿತ್ರೆಗಳನ್ನು ಮುತ್ತಯ್ಯ ಅವರು ಹೆಚ್ಚಾಗಿ ಬರೆದರು. ಸ್ಪೆನ್ಸರ್ ಸಂಸ್ಥೆಯ ಚರಿತ್ರೆ ಅವುಗಳಲ್ಲಿ ಪ್ರಸಿದ್ಧ. ಅಂತಹ ಕೃತಿಗಳಲ್ಲಿ ಮಾಹಿತಿ ಸಮೃದ್ಧ, ವಿಮರ್ಶೆ ವಿರಳ. ಅವರು ಬರೆದದ್ದು ಇಂಗ್ಲಿಷಿನಲ್ಲಿ ಎಂಬುದೂ ಓದುಗ ವಲಯಕ್ಕೆ ಒಂದು ಗಡಿಯನ್ನು ಹಾಕಿತು. ಈ ಮಿತಿಗಳನ್ನು ಮುಚ್ಚಿಡುವುದರಿಂದ ಅವರ ಗೌರವ ಹೆಚ್ಚುವುದಿಲ್ಲ.

ಕಟ್ಟಡ, ನ್ಯಾಯಾಲಯ, ಕಾಯ್ದೆ

ಸಾರ್ವಜನಿಕ ಚರಿತ್ರೆಯ ನಿಜವಾದ ಪರೀಕ್ಷೆ ಕಟ್ಟಡವೊಂದು ಬೀಳುವ ಹೊತ್ತಿನಲ್ಲಿ ನಡೆಯುತ್ತದೆ. ಮರೀನಾ ಕಡಲತೀರದ ಪೊಲೀಸ್ ಮಹಾನಿರ್ದೇಶಕರ ಕಚೇರಿ 1839ರಲ್ಲಿ ಫ್ರೀಮೇಸನ್ ಸಭಾಭವನವಾಗಿ ಕಟ್ಟಿದ್ದು. 1990ರ ದಶಕದಲ್ಲಿ ಅದನ್ನು ಕೆಡವುವ ಯೋಜನೆ ಬಂದಾಗ ಪರಂಪರೆಯ ಕಾಳಜಿಯುಳ್ಳವರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿದು ದುರಸ್ತಿಯನ್ನೂ ಕಂಡಿತು. ಮೌಂಟ್ ರಸ್ತೆಯ ಭಾರತ್ ಇನ್ಶೂರೆನ್ಸ್ ಕಟ್ಟಡ 1897ರದು. 2006ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವಾದಾಗ ಇಂಟ್ಯಾಕ್ ಸಂಸ್ಥೆ ಮದರಾಸು ಉಚ್ಚ ನ್ಯಾಯಾಲಯದಿಂದ ತಡೆ ಪಡೆಯಿತು. 2010ರ ತೀರ್ಪು ಆ ಕಟ್ಟಡವನ್ನಷ್ಟೇ ಅಲ್ಲದೆ ಪಟ್ಟಿಮಾಡಲಾದ ನಾನೂರಕ್ಕೂ ಹೆಚ್ಚು ಪಾರಂಪರಿಕ ಕಟ್ಟಡಗಳನ್ನು ರಕ್ಷಣೆಯ ಪರಿಧಿಗೆ ತಂದಿತು. 2012ರಲ್ಲಿ ತಮಿಳುನಾಡು ಪಾರಂಪರಿಕ ಆಯೋಗದ ಕಾಯ್ದೆ ಬಂತು.

ಈ ಗೆಲುವುಗಳನ್ನು ಒಬ್ಬ ವ್ಯಕ್ತಿಯ ಖಾತೆಗೆ ಬರೆಯುವುದು ಸರಿಯಲ್ಲ. ವಕೀಲರು, ವಾಸ್ತುಶಿಲ್ಪಿಗಳು, ಇಂಟ್ಯಾಕ್ ಸಂಸ್ಥೆಯ ಕಾರ್ಯಕರ್ತರು, ಪತ್ರಿಕೆಗಳು ಎಲ್ಲರ ಪಾಲೂ ಇದರಲ್ಲಿದೆ. ಗೆಲುವು ಪೂರ್ಣವೂ ಅಲ್ಲ: ಭಾರತ್ ಇನ್ಶೂರೆನ್ಸ್ ಕಟ್ಟಡ ತೀರ್ಪಿನ ನಂತರವೂ ದೀರ್ಘಕಾಲ ಜೀರ್ಣಾವಸ್ಥೆಯಲ್ಲಿಯೇ ಉಳಿಯಿತು, ಕಾಯ್ದೆ ಕಾರ್ಯರೂಪಕ್ಕೆ ಇಳಿಯಲು ವರ್ಷಗಳೇ ಹಿಡಿದವು. ಆದರೆ ಹಳೆಯ ಕಟ್ಟಡವೊಂದರ ಪರವಾಗಿ ಮಾತನಾಡುವುದು ಹುಚ್ಚಲ್ಲ, ನಾಗರಿಕನ ಹಕ್ಕು ಎಂಬ ವಾತಾವರಣವನ್ನು ಬೆಳೆಸುವಲ್ಲಿ ‘ಮದ್ರಾಸ್ ಮ್ಯೂಸಿಂಗ್ಸ್’ ವಹಿಸಿದ ಪಾತ್ರ ದೊಡ್ಡದು. ಪರಂಪರೆಗೆ ಕಾನೂನಿನ ರಕ್ಷಣೆ ಬೇಕೆಂದು ಮುತ್ತಯ್ಯ ಅವರು ಬರೆಯುತ್ತಲೇ ಬಂದರು. 2002ರಲ್ಲಿ ಬ್ರಿಟನ್ ಅವರಿಗೆ ಎಂ.ಬಿ.ಇ. ಗೌರವವನ್ನು ನೀಡಿತು. 2019ರ ಏಪ್ರಿಲ್ 20ರಂದು ಅವರು ನಿಧನರಾದರು.

ಕನ್ನಡದ ದೃಷ್ಟಿಯಿಂದ

ಮದರಾಸು ಕನ್ನಡಿಗರಿಗೆ ಪರಸ್ಥಳವಲ್ಲ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ಕನ್ನಡಿಗರಿಗೆ ಅದು ಒಂದೂವರೆ ಶತಮಾನದ ರಾಜಧಾನಿ. ಅಲ್ಲಿನ ವಿಶ್ವವಿದ್ಯಾನಿಲಯ ಹಳಗನ್ನಡ ಕೃತಿಗಳ ಪ್ರಕಟಣೆಗೆ ನೆರವಾಗಿದೆ. ಕನ್ನಡ ಚಲನಚಿತ್ರಗಳು ದಶಕಗಳ ಕಾಲ ತಯಾರಾದದ್ದು ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ. ಮದರಾಸಿನ ಬೀದಿಗಳಲ್ಲಿ ಕನ್ನಡದ ಹೆಜ್ಜೆಗಳನ್ನು ಗುರುತಿಸುವ ಕೆಲಸಕ್ಕೆ ಮುತ್ತಯ್ಯ ಅವರ ಮಾದರಿ ದಾರಿ ತೋರಬಲ್ಲದು.

ಬೆಂಗಳೂರಿನ ಚರಿತ್ರೆಯಲ್ಲಿಯೂ ಇದೇ ಬಗೆಯ ಸಮಸ್ಯೆ ಇದೆ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿದ್ದನ್ನು ನಗರದ ಆರಂಭವೆಂದು ಎಣಿಸುವುದು ರೂಢಿ. ಆದರೆ ಬೇಗೂರಿನ ವೀರಗಲ್ಲು ಶಾಸನ ಕ್ರಿ.ಶ. 890ರ ಸುಮಾರಿಗೇ ‘ಬೆಂಗಳೂರ’ ಕಾಳಗವನ್ನು ಉಲ್ಲೇಖಿಸುತ್ತದೆ. 1639 ಮತ್ತು ಮೈಲಾಪುರದ ನಡುವಿನ ವಾದವೇ ಇಲ್ಲಿ 1537 ಮತ್ತು ಬೇಗೂರಿನ ನಡುವೆ ಕಾಣುತ್ತದೆ. ಫಜ್ಲುಲ್ ಹಸನ್ ಅವರು 1970ರಲ್ಲಿ ಇಂಗ್ಲಿಷಿನಲ್ಲಿ, ಬ.ನ. ಸುಂದರರಾವ್ ಅವರು ಆ ಬಳಿಕ ಕನ್ನಡದಲ್ಲಿ ಬೆಂಗಳೂರಿನ ಚರಿತ್ರೆಯನ್ನು ಬರೆದು ಭದ್ರವಾದ ಅಡಿಪಾಯ ಹಾಕಿದ್ದಾರೆ. ಇತ್ತೀಚೆಗೆ ನಗರದ ಶಾಸನಗಳನ್ನು ಹುಡುಕಿ ಉಳಿಸುವ ಕೆಲಸಕ್ಕೆ ವಿದ್ವಾಂಸರಲ್ಲದ ನಾಗರಿಕರೂ ಕೈಹಾಕಿದ್ದಾರೆ. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಗಳ ವಿಷಯದಲ್ಲಿ ವಾರವಾರವೂ ಓದುಗರನ್ನು ಕೇಳುತ್ತ, ಅವರಿಂದ ತಿದ್ದಿಸಿಕೊಳ್ಳುತ್ತ ಸಾಗುವ ಬರವಣಿಗೆ ಕನ್ನಡದಲ್ಲಿ ಇನ್ನಷ್ಟು ಬೆಳೆಯಬೇಕಾಗಿದೆ.

ವೃತ್ತಾಂತಕಾರನೋ ಚರಿತ್ರಕಾರನೋ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಹೊಸ ಸಿದ್ಧಾಂತವನ್ನು ಮಂಡಿಸುವುದು, ಅಧಿಕಾರದ ಒಳಸುಳಿಗಳನ್ನು ಬಿಡಿಸುವುದು ಚರಿತ್ರಕಾರನ ಲಕ್ಷಣವೆಂದಾದರೆ ಮುತ್ತಯ್ಯ ಅವರು ಆ ವರ್ಗಕ್ಕೆ ಪೂರ್ಣವಾಗಿ ಸೇರಲಾರರು. ಆಕರಗಳು ಅಳಿಯುವ ಮುನ್ನ ಅವುಗಳನ್ನು ಗುರುತಿಸುವುದು, ತಪ್ಪನ್ನು ಬಹಿರಂಗವಾಗಿ ತಿದ್ದಿಕೊಳ್ಳುವುದು, ತಿಳಿದದ್ದನ್ನು ಅದರ ವಾರಸುದಾರರಿಗೆ ತಲುಪಿಸುವುದು ಕೂಡ ಚರಿತ್ರಕಾರನ ಧರ್ಮವೆಂದು ಒಪ್ಪಿದರೆ ಆ ಹೆಸರು ಅವರಿಗೆ ನ್ಯಾಯವಾಗಿಯೇ ಸಲ್ಲುತ್ತದೆ. ಮುಂದೆ ಮದರಾಸಿನ ಕಾರ್ಮಿಕರ ಅಥವಾ ಕೇರಿಗಳ ಚರಿತ್ರೆಯನ್ನು ಬರೆಯುವ ಸಂಶೋಧಕರು ಅವರ ನಿಲುವನ್ನು ಒಪ್ಪದಿರಬಹುದು. ಆದರೆ ಅವರ ಅಂಕಣಗಳನ್ನು ತೆರೆದು ನೋಡದೆ ಮುಂದೆ ಸಾಗುವುದು ಕಷ್ಟ.